ಹಿರಿಯರ ಹೆಜ್ಜೆ: ಚರ್ಚಿನ ದಾಖಲೆಯೂ ಅಜ್ಜಿಯ ಪೆಟ್ಟಿಗೆಯೂ

ವಿಜಯಪುರದ ಕೋಟೆಯನ್ನು ದಾಟಿ ಪಶ್ಚಿಮಕ್ಕೆ, ಅಥಣಿಯ ಕಡೆಗೆ ಹೊರಟವರಿಗೆ ಇಬ್ರಾಹಿಂ ರೋಜಾ ಕಾಣಸಿಗುತ್ತದೆ. 1627ರಲ್ಲಿ ಕಾಲವಾದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ, ಅವನ ರಾಣಿ ತಾಜ್ ಸುಲ್ತಾನಾ, ತಾಯಿ, ಮಗಳು, ಇಬ್ಬರು ಗಂಡುಮಕ್ಕಳು, ಹೀಗೆ ಇಡೀ ಸಂಸಾರವೇ ಅಲ್ಲಿ ಒಂದೇ ಸೂರಿನಡಿ ಮಲಗಿದೆ. ಅರಸರ ವಂಶಾವಳಿಗೆ ಕಲ್ಲಿನ ಸಾಕ್ಷಿ ಇದೆ. ಆದರೆ ನಮ್ಮ ನಿಮ್ಮಂಥವರ ಮುತ್ತಜ್ಜ ಮುತ್ತಜ್ಜಿಯರು ಯಾರೆಂದು ತಿಳಿಯುವ ಬಗೆ ಹೇಗೆ? ಶತಮಾನೋತ್ಸವದ ಈ ಹೊತ್ತಿನಲ್ಲಿ ಧರ್ಮಕೇಂದ್ರದ ಅನೇಕ ಬಾಂಧವರು ಈ ಪ್ರಶ್ನೆಯನ್ನು ಕೇಳುತ್ತಿರುವುದು ಸಂತೋಷದ ಸಂಗತಿ.

ಬಡವನ ಹೆಸರನ್ನೂ ಬರೆದಿಡಬೇಕೆಂಬ ಕಟ್ಟಳೆ ಧರ್ಮಸಭೆಯಲ್ಲಿ ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನೂ, ಜ್ಞಾನಸ್ನಾನದಲ್ಲಿ ಜ್ಞಾನಪಿತ ಜ್ಞಾನಮಾತೆಯರ ಹೆಸರುಗಳನ್ನೂ ಪುಸ್ತಕದಲ್ಲಿ ದಾಖಲಿಸುವಂತೆ ವಿಧಿಸಿತು. 1614ರಲ್ಲಿ ಪೋಪ್ ಐದನೆಯ ಪೌಲರು ಹೊರಡಿಸಿದ ಸಂಸ್ಕಾರವಿಧಿಯಲ್ಲಿ ಮರಣದ ಪುಸ್ತಕ, ಮನೆಮನೆಯ ಆತ್ಮಗಳ ಎಣಿಕೆಯ ಪುಸ್ತಕಗಳೂ ಸೇರಿದವು.

ಆದರೂ ಪುಸ್ತಕವೆಂಬುದು ಕಾಗದವೇ. ಅದು ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಸುಮಾರಿಗೆ, ಕೆನರಾ ಪ್ರಾಂತದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಮಂಗಳೂರಿನ ರೊಸಾರಿಯೊ, ಮಿಲಾಗ್ರಿಸ್ ಮೊದಲಾದ ಇಗರ್ಜಿಗಳು ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ ಅಳಿದುಳಿದವರು ಊರಿಗೆ ಮರಳಿದರು. ನಡುವಿನ ಹದಿನೈದು ವರ್ಷಗಳಲ್ಲಿ ಹುಟ್ಟಿದವರೆಷ್ಟು, ಸತ್ತವರೆಷ್ಟು, ಯಾರ ಮಗು ಯಾರ ಕೈಯಲ್ಲಿ ಬೆಳೆಯಿತು! ದಕ್ಷಿಣ ಕನ್ನಡದಿಂದ ಉದ್ಯೋಗನಿಮಿತ್ತ ಬಯಲುಸೀಮೆಗೆ ಬಂದು ನೆಲೆಸಿದ ಎಷ್ಟೋ ಮನೆತನಗಳ ವಂಶಾವಳಿ ಈ ಕಂದಕದ ಅಂಚಿಗೆ ಬಂದು ನಿಲ್ಲುತ್ತದೆ.

ಕಂದಕದ ಆಚೆ ದಡವನ್ನು ಮುಟ್ಟಿದವರೂ ಇದ್ದಾರೆ. ಅವರು ಗೋವೆಯ ಹಳೆಯ ಜ್ಞಾನಸ್ನಾನ ಪುಸ್ತಕಗಳ ಮೊರೆಹೊಕ್ಕರು. ಅಲ್ಲಿ ಒಂದು ಎಚ್ಚರಿಕೆ ಬೇಕು. ಡಿಸೋಜಾ, ಲೋಬೊ ಎಂಬ ಅಡ್ಡಹೆಸರುಗಳು ಎಷ್ಟೋ ವೇಳೆ ಜ್ಞಾನಪಿತನಿಂದಲೋ ಸಂಸ್ಕಾರವಿತ್ತ ಗುರುಗಳಿಂದಲೋ ಬಂದವು. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧವೆಂದು ಹಿಗ್ಗಬಾರದು. ಮನೆಮಂದಿ ಆಡಿಕೊಳ್ಳುವ ಪ್ರಭು, ಕಾಮತ, ಪೈ, ಶೆಣೈ ಎಂಬ ಪೂರ್ವದ ಹೆಸರೇ ಹೆಚ್ಚು ದಾರಿ ತೋರಬಲ್ಲದು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆಯೂ ಉಪಯುಕ್ತ. ಮೊಮ್ಮಗನ ಹೆಸರು ಗೊತ್ತಿದ್ದರೆ ಅಜ್ಜನ ಹೆಸರನ್ನು ಊಹಿಸಿ ಹುಡುಕಬಹುದು. ಊಹೆ ಊಹೆಯೇ, ಪುಸ್ತಕದಲ್ಲಿ ಕಂಡ ಮೇಲಷ್ಟೇ ನಂಬತಕ್ಕದ್ದು.

ಜ್ಞಾನಸ್ನಾನ ಪುಸ್ತಕದ ಪುಟವನ್ನು ತೆರೆದವರು ನಡುವಣ ಸಾಲುಗಳನ್ನು ಓದಿ ಮುಚ್ಚಿಬಿಡುತ್ತಾರೆ. ಅಂಚನ್ನೂ ಓದಬೇಕು. 1907ರ 'ನೆ ತೆಮೆರೆ' ಆಜ್ಞೆಯಂತೆ, ಒಬ್ಬರು ಎಲ್ಲಿಯೇ ಮದುವೆಯಾಗಲಿ, ಆ ಸಂಗತಿ ಅವರ ಜ್ಞಾನಸ್ನಾನವಾದ ಚರ್ಚಿಗೆ ತಿಳಿದು, ಅಲ್ಲಿನ ಪುಸ್ತಕದಲ್ಲಿ ದಾಖಲಾಗಬೇಕು. ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಸುಳಿವು ಬಹುಮಟ್ಟಿಗೆ ಸಿಕ್ಕುವುದು ಆ ಇಕ್ಕಟ್ಟಾದ ಅಂಚಿನಲ್ಲಿಯೇ. ಗಂಡನ ಮನೆಗೆ ಹೋಗಿ ಅಡ್ಡಹೆಸರು ಬದಲಾದವಳನ್ನು ವಂಶವೃಕ್ಷ ಬರೆಯುವ ಗಂಡಸರು ಸುಲಭವಾಗಿ ಮರೆತಾರು, ಪುಸ್ತಕ ಮರೆಯುವುದಿಲ್ಲ.

ಇಷ್ಟಾದರೂ ಪುಸ್ತಕ ಹೇಳುವುದು ಹುಟ್ಟು, ಮದುವೆ, ಸಾವು ಮಾತ್ರ. ಮನೆಯೊಳಗಿನ ಬಾಳು ಅಜ್ಜಿಯ ಪೆಟ್ಟಿಗೆಯಲ್ಲಿದೆ. ಮದುವೆಯ ಕೆಂಪು ಸಾದೊ ಸೀರೆ, ಕರಿಮಣಿ, ಮಣಿಗಳು ಸವೆದ ಜಪಮಾಲೆ, ಪ್ರಾರ್ಥನಾ ಪುಸ್ತಕದ ಮೊದಲ ಹಾಳೆಯಲ್ಲಿ ಮಕ್ಕಳ ಹುಟ್ಟಿದ ದಿನಗಳು: ಇವೂ ದಾಖಲೆಗಳೇ. ಹಳೆಯ ಬೆಳ್ಳಿಯ ಶಿಲುಬೆಯನ್ನು ಅಕ್ಕಸಾಲಿಗನಿಗೆ ಕೊಟ್ಟು ಹೊಸ ಲೋಟ ಮಾಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಡವೆ ಉಳಿದು ಅದರ ಒಡತಿಯ ಹೆಸರು ಅಳಿದರೂ ನಷ್ಟವೇ. ಪೆಟ್ಟಿಗೆಯ ವಸ್ತುವನ್ನು ಪುಸ್ತಕದ ಹೆಸರಿನೊಡನೆ ಕೂಡಿಸಬಲ್ಲವರು ಇಂದು ಮನೆಯಲ್ಲಿರುವ ವೃದ್ಧರೊಬ್ಬರೇ.

ಆದಕಾರಣ ಈ ವರ್ಷ ಪ್ರತಿ ಮನೆಯಲ್ಲೂ ಒಂದು ಸಂಜೆ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ. ಯಾವ ವಸ್ತು ಯಾರದು, ಯಾವ ಊರಿನಿಂದ ಬಂತು, ಯಾರ ಮದುವೆಗೆ ಕೊಟ್ಟದ್ದು ಎಂಬುದನ್ನು ಬರೆದು ವಸ್ತುವಿನ ಜೊತೆಗೇ ಇಡಿರಿ. ಹಳೆಯ ಭಾವಚಿತ್ರಗಳ ಹಿಂಬದಿಯಲ್ಲಿ ಹೆಸರು ಬರೆಯುವಾಗ ಮೆತ್ತಗಿನ ಪೆನ್ಸಿಲ್ ಬಳಸಿರಿ. ಶಾಯಿ ಕಾಲಕ್ರಮದಲ್ಲಿ ಮುಂಬದಿಗೆ ಮೂಡಿ ಮುಖಗಳನ್ನು ಕೆಡಿಸುತ್ತದೆ.