ಹೈದರಾಬಾದ್ ಭೂಸುಧಾರಣೆ ಕುರಿತ ಎ. ಎಂ. ಖುಸ್ರೊ ಅಧ್ಯಯನ

ಹೈದರಾಬಾದ್ ರಾಜ್ಯದಲ್ಲಿ ಜಾಗೀರು ಪದ್ಧತಿಯ ರದ್ದತಿ ಮತ್ತು ಗೇಣಿ ಕಾಯಿದೆಗಳು ರೈತರ ಮೇಲೆ ಬೀರಿದ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಅಲಿ ಮಹಮ್ಮದ್ ಖುಸ್ರೊ (1925–2003) ಕ್ಷೇತ್ರಕಾರ್ಯದ ಮೂಲಕ ಪರಿಶೀಲಿಸಿದರು. ಅವರ ಅಧ್ಯಯನವನ್ನು ಉಸ್ಮಾನಿಯಾ ವಿಶ್ವವಿದ್ಯಾಲಯವು 1958ರಲ್ಲಿ ಪ್ರಕಟಿಸಿತು. ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಪ್ರದೇಶಗಳು ಸೇರಿದ್ದ ಗುಲ್ಬರ್ಗಾ ಜಿಲ್ಲೆಯು (ಇಂದಿನ ಕಲಬುರಗಿ) 1956ರ ಅಕ್ಟೋಬರ್ ಅಂತ್ಯದವರೆಗೆ ಆ ರಾಜ್ಯದ ಭಾಗವಾಗಿತ್ತು.

ಹಿನ್ನೆಲೆ

ನಿಜಾಮರ ಆಳ್ವಿಕೆಯಲ್ಲಿ ಸುಮಾರು ಶೇ. 60ರಷ್ಟು ಪ್ರದೇಶ ಮಾತ್ರ ಸರ್ಕಾರದ ನೇರ ಕಂದಾಯ ಆಡಳಿತಕ್ಕೆ, ಅಂದರೆ ದಿವಾನಿಗೆ, ಒಳಪಟ್ಟಿತ್ತು. ಉಳಿದದ್ದು ಜಾಗೀರು, ಪೈಗಾ ಹಾಗೂ ನಿಜಾಮರ ಖಾಸಗಿ ಆಸ್ತಿಯಾದ ಸರ್ಫ್-ಎ-ಖಾಸ್. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಒಂದು ವರ್ಷದೊಳಗೆ, 1949ರ ಆಗಸ್ಟ್‌ನಲ್ಲಿ, ಜಾಗೀರುಗಳು ರದ್ದಾದವು. ಇದರಿಂದ ಕಂದಾಯ ಸಂಗ್ರಹಿಸುವ ಮಧ್ಯವರ್ತಿ ಇಲ್ಲವಾದನು; ಆದರೆ ಪಟ್ಟೇದಾರನಿಂದ ಗೇಣಿಗೆ ಭೂಮಿ ಪಡೆದು ಉಳುತ್ತಿದ್ದವನ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕಾಗಿ 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯಿದೆಯು ‘ರಕ್ಷಿತ ಗೇಣಿದಾರ’ ಎಂಬ ವರ್ಗವನ್ನು ಗುರುತಿಸಿ, ಅವನಿಗೆ ಗೇಣಿಯ ಭದ್ರತೆಯನ್ನೂ ಭೂಮಿಯನ್ನು ಕೊಳ್ಳುವ ಹಕ್ಕನ್ನೂ ನೀಡಿತು. ಅಂದಿನ ಭಾರತದಲ್ಲಿ ಇದು ಮುಂದುವರಿದ ಕಾಯಿದೆಯೇ ಸರಿ.

ಅಧ್ಯಯನದ ಫಲಿತಾಂಶ

1951ರಲ್ಲಿ ರಕ್ಷಿತರೆಂದು ದಾಖಲಾದ ಪ್ರತಿ ನೂರು ಗೇಣಿದಾರರಲ್ಲಿ ಕೆಲವೇ ವರ್ಷಗಳ ನಂತರ ಆ ಸ್ಥಾನದಲ್ಲಿ ಉಳಿದವರು ಸುಮಾರು 45 ಮಂದಿ. ಭೂಮಿ ಕೊಂಡು ಒಡೆಯರಾದವರು ಸುಮಾರು 12. ನ್ಯಾಯಬದ್ಧವಾಗಿ ತೆರವುಗೊಂಡವರು ಮೂವರಿಗಿಂತ ಕಡಿಮೆ. ಕಾನೂನುಬಾಹಿರವಾಗಿ ತೆರವುಗೊಂಡವರು ಸುಮಾರು 22. ಇನ್ನುಳಿದ 17ಕ್ಕೂ ಹೆಚ್ಚು ಮಂದಿ ಭೂಮಿಯನ್ನು ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟವರು.

ಈ ಸ್ವಇಚ್ಛೆಯನ್ನು ಸಂಶಯದಿಂದಲೇ ನೋಡಬೇಕಾಗುತ್ತದೆ. ಜೀವನಾಧಾರವಾದ ಹೊಲವನ್ನು ಇಷ್ಟು ಜನರು ಒತ್ತಡವಿಲ್ಲದೆ ತೊರೆದರೆಂದು ನಂಬುವುದು ಕಷ್ಟ. ಸಾಲ, ಬಿತ್ತನೆ ಬೀಜ, ಕೂಲಿ ಎಲ್ಲಕ್ಕೂ ಭೂಮಾಲೀಕನನ್ನೇ ಅವಲಂಬಿಸಿದ್ದ ಗೇಣಿದಾರನಿಗೆ ಅವನ ವಿರುದ್ಧ ಕಚೇರಿಯ ಮೆಟ್ಟಿಲೇರುವುದು ಸುಲಭವಾಗಿರಲಿಲ್ಲ. ಹಳ್ಳಿಯ ದಾಖಲೆಗಳು ಪಟೇಲ–ಪಟವಾರಿಗಳ ಕೈಯಲ್ಲಿದ್ದವು. ಕಾನೂನಿನ ಮೂಲಕ ತೆರವು ಮಾಡಿಸುವ ದಾರಿಯನ್ನು ಮಾಲೀಕರು ಬಹುತೇಕ ಬಳಸಲೇ ಇಲ್ಲ. ಬಳಸುವ ಅಗತ್ಯವೂ ಅವರಿಗೆ ಬೀಳಲಿಲ್ಲ.

ನಂತರದ ಬೆಳವಣಿಗೆ

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಮೈಸೂರು ಭೂಸುಧಾರಣಾ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಭೂಮಿಗಳು ಸರ್ಕಾರಕ್ಕೆ ನಿಹಿತವಾದವು. ಗೇಣಿದಾರನು ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಾಯಿತು. ಆದರೆ ಹಿಂದಿನ ವರ್ಷಗಳಲ್ಲೇ ಹೊಲ ಕಳೆದುಕೊಂಡು ದಾಖಲೆಯಿಂದ ಮರೆಯಾದವನಿಗೆ ಅಲ್ಲಿ ತನ್ನ ಗೇಣಿಯನ್ನು ರುಜುವಾತುಪಡಿಸುವುದು ಕಠಿಣವಾಗಿತ್ತು.

ಖುಸ್ರೊ ಮುಂದೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಯಾಗಿಯೂ (1974–79) ಹನ್ನೊಂದನೆಯ ಹಣಕಾಸು ಆಯೋಗದ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು.