ಕೈಟ್‌ಫಾಯಿಲಿಂಗ್: ನಿರಾಳ ಸವಾರಿಗೆ ಎಂಥ ರೆಕ್ಕೆ ಸೂಕ್ತ?

ದಾವಣಗೆರೆ: ಗಾಳಿಪಟದ ಸೆಳೆತಕ್ಕೆ ಹಲಗೆಯೊಂದು ನೀರಿನಿಂದ ಮೇಲೆದ್ದು ಸದ್ದಿಲ್ಲದೆ ಸಾಗುವ ಕ್ರೀಡೆಯೇ ಕೈಟ್‌ಫಾಯಿಲಿಂಗ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಪದಕ ಸ್ಪರ್ಧೆಯಾಯಿತು. ಮಾರ್ಸೇ ಕಡಲಿನಲ್ಲಿ ನಡೆದ ಸ್ಪರ್ಧೆಯಲ್ಲಿ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಹಾಗೂ ಆಸ್ಟ್ರಿಯಾದ ವ್ಯಾಲೆಂಟಿನ್ ಬಾಂಟಸ್ ಚಿನ್ನ ಗೆದ್ದರು. ಆದರೆ ಅಂಥ ಪಂದ್ಯಗಳಲ್ಲಿ ಬಳಸುವ ರೆಕ್ಕೆ ವೇಗಕ್ಕೆಂದೇ ರೂಪುಗೊಂಡದ್ದು. ದಾವಣಗೆರೆ, ಹರಿಹರದಂಥ ಒಳನಾಡಿನ ಊರುಗಳಿಂದ ರಜೆಯಲ್ಲಿ ಕಡಲತೀರಕ್ಕೆ ಹೋಗಿ ಹವ್ಯಾಸಕ್ಕಾಗಿ ಕಲಿಯಬಯಸುವವರು ಅದನ್ನೇ ಕೊಂಡರೆ ಹಣವೂ ವ್ಯರ್ಥ, ಮೈಗೂ ಅಪಾಯ.

ರೆಕ್ಕೆಯ ಕೆಲಸವೇನು?

ಹಲಗೆಯ ಅಡಿಯಲ್ಲಿ ಮಾಸ್ಟ್ ಎಂಬ ಕಂಬ, ಅದರ ತುದಿಯಲ್ಲಿ ಫ್ಯೂಸಲಾಜ್ ಎಂಬ ಅಡ್ಡದಂಡ, ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಮತೋಲನಕ್ಕಾಗಿ ಕಿರುರೆಕ್ಕೆ: ಇವಿಷ್ಟು ಸೇರಿ ಹೈಡ್ರೋಫಾಯಿಲ್ ಆಗುತ್ತದೆ. ನೆರೆಯ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ಅಲಗಿನ ತತ್ತ್ವವೇ ಇಲ್ಲಿಯೂ ಇದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಮೊರದಷ್ಟು ಪುಟ್ಟ ರೆಕ್ಕೆಯೂ ಮನುಷ್ಯನ ಭಾರವನ್ನು ಎತ್ತಬಲ್ಲದು.

ವಿಸ್ತೀರ್ಣ ಮುಖ್ಯ

ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ವಿಸ್ತೀರ್ಣವನ್ನು ಇಮ್ಮಡಿಗೊಳಿಸಿದರೆ ಮೇಲೇಳಲು ಬೇಕಾದ ವೇಗ ಸುಮಾರು ಶೇ. 30ರಷ್ಟು ತಗ್ಗುತ್ತದೆ. ತಿರುವಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಗಾಳಿಪಟವನ್ನು ಒಂದು ದಿಕ್ಕಿನಿಂದ ಮತ್ತೊಂದಕ್ಕೆ ಹೊರಳಿಸುವಾಗ ಅದರ ಸೆಳೆತ ಕ್ಷಣಕಾಲ ಸಡಿಲಗೊಂಡು ವೇಗ ಕುಸಿಯುತ್ತದೆ. ಆಗ ಕಿರಿದಾದ ರೆಕ್ಕೆ ಮುಳುಗಿದರೆ, ಹಿರಿದಾದದ್ದು ಸವಾರನನ್ನು ಎತ್ತಿಹಿಡಿಯುತ್ತದೆ. ನಿಧಾನ ಸವಾರಿಗೆ 800ರಿಂದ 1,200 ಚದರ ಸೆಂ.ಮೀ. ರೆಕ್ಕೆ ಸಾಮಾನ್ಯವಾಗಿ ಸಾಕು. ಭಾರವಾದ ದೇಹದವರಿಗೆ ಇದರಲ್ಲಿ ಹಿರಿಯ ಅಳತೆ ಒಳಿತು. ಅತಿಯಾಗಿ ದೊಡ್ಡದಾದರೂ ತೊಂದರೆಯೇ. ಬಿರುಗಾಳಿಯಲ್ಲಿ ಅದು ಸವಾರನ ಹತೋಟಿ ಮೀರಿ ಮೇಲೇರಲು ಹವಣಿಸುತ್ತದೆ.

ಅಗಲ ಕಡಿಮೆಯಾದರೆ ತಿರುವು ಸಲೀಸು

ರೆಕ್ಕೆಯ ತುದಿಯಿಂದ ತುದಿಗಿರುವ ಅಳತೆಯ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆಸ್ಪೆಕ್ಟ್ ರೇಷಿಯೋ. 1,000 ಚದರ ಸೆಂ.ಮೀ. ವಿಸ್ತೀರ್ಣದ ರೆಕ್ಕೆ 80 ಸೆಂ.ಮೀ. ಅಗಲವಿದ್ದರೆ ಅದು 6.4, 65 ಸೆಂ.ಮೀ. ಇದ್ದರೆ 4.2. ಸಂಖ್ಯೆ ಹೆಚ್ಚಿದಷ್ಟೂ ರೆಕ್ಕೆ ನೀಳವಾಗಿ ದೂರ ಜಾರುತ್ತದೆ, ಆದರೆ ತಿರುಗಲು ಒಲ್ಲದು. ತಿರುವಿನಲ್ಲಿ 30 ಡಿಗ್ರಿ ವಾಲಿದಾಗ 80 ಸೆಂ.ಮೀ. ರೆಕ್ಕೆಯ ಹೊರತುದಿ ನಡುಭಾಗಕ್ಕಿಂತ 20 ಸೆಂ.ಮೀ. ಮೇಲೇರುತ್ತದೆ. ಆ ತುದಿ ನೀರಿನಿಂದ ಹೊರಬಂದರೆ ರೆಕ್ಕೆಯ ಮೇಲ್ಮೈಗೆ ಗಾಳಿ ನುಗ್ಗಿ ಎತ್ತುವ ಬಲ ಹಠಾತ್ತನೆ ಕುಸಿಯಬಹುದು. ಆದಕಾರಣ ನಿರಾಳ ಸವಾರಿಗೆ 4ರಿಂದ 6ರೊಳಗಿನ ಅನುಪಾತ ಹಿತಕರವೆನ್ನಬಹುದು.

ಫ್ಯೂಸಲಾಜ್ ಗಿಡ್ಡವಾದಷ್ಟೂ ತಿರುವು ಚುರುಕಾಗುತ್ತದೆ, ಮುಂದೆ-ಹಿಂದೆ ತೂಗಾಟವೂ ಹೆಚ್ಚುತ್ತದೆ. ಹಿಂಬದಿಯ ಕಿರುರೆಕ್ಕೆ ದೊಡ್ಡದಿದ್ದರೆ ಸ್ಥಿರತೆ, ಚಿಕ್ಕದಿದ್ದರೆ ಚುರುಕುತನ. ಕಲಿಯುವವರು ಮೊದಲು ಸ್ಥಿರತೆಯನ್ನೇ ಆರಿಸಿಕೊಳ್ಳುವುದು ಲೇಸು.

ಎಲ್ಲಿ ಸವಾರಿ?

ಹರಿಹರದಲ್ಲಿ ತುಂಗಭದ್ರೆಯೇ ಹರಿಯುತ್ತಿರುವಾಗ ಅಲ್ಲಿಯೇ ಏಕಾಗದು ಎಂಬ ಪ್ರಶ್ನೆ ಸಹಜ. ಬೇಸಿಗೆಯಲ್ಲಿ ನದಿ ಸೊರಗುತ್ತದೆ, ಮಳೆಗಾಲದಲ್ಲಿ ರಭಸ ಅತಿಯಾಗುತ್ತದೆ. ರಸ್ತೆ ಮತ್ತು ರೈಲು ಸೇತುವೆಗಳಿರುವೆಡೆ 20 ಮೀಟರ್‌ಗೂ ಮೀರುವ ಗಾಳಿಪಟದ ಹಗ್ಗ ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಲ್ಲದು. 75 ಸೆಂ.ಮೀ. ಮಾಸ್ಟ್‌ಗೆ ಎದೆಮಟ್ಟಕ್ಕೂ ಮೀರಿದ ಆಳ, ಅಡೆತಡೆಯಿಲ್ಲದ ಬಯಲು, ಏಕರೂಪದ ಗಾಳಿ ಬೇಕು. ಗುಡ್ಡಗಳ ನಡುವಿನ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಜಲಾಶಯಗಳಲ್ಲಿ ಗಾಳಿ ದಿಕ್ಕು ಬದಲಿಸುವ ಸಂಭವ ಹೆಚ್ಚು. ತಮಿಳುನಾಡಿನ ರಾಮೇಶ್ವರ, ಗೋವೆಯ ಕಡಲತೀರಗಳಲ್ಲಿ ಗಾಳಿಪಟ ಸವಾರಿಯ ತರಬೇತಿ ದೊರೆಯುತ್ತದೆ.

ಕೊಳ್ಳುವ ಮುನ್ನ ಎರಡು ಮೂರು ಅಳತೆಯ ರೆಕ್ಕೆಗಳನ್ನು ಬಾಡಿಗೆಗೆ ಪಡೆದು ಪರೀಕ್ಷಿಸುವುದು ಜಾಣತನ. ರೆಕ್ಕೆಯ ಅಂಚು ಹರಿತವಾದ್ದರಿಂದ ಶಿರಸ್ತ್ರಾಣ ಹಾಗೂ ರಕ್ಷಾಕವಚ ಧರಿಸದೆ ನೀರಿಗಿಳಿಯಬಾರದು.