ಮಂಗಳದ ಕಡತ

ಕಡತವೆಂಬ ಮಾತನ್ನು ನಾವೀಗ ಕಚೇರಿಯ ಕಾಗದಕ್ಕೂ ಗಣಕಯಂತ್ರದೊಳಗಣ ಲೆಕ್ಕಕ್ಕೂ ಬಳಸುತ್ತೇವೆ. ಹಿಂದಿನವರ ಕಡತವೇ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಕಪ್ಪನ್ನೂ ಬಳಿದು, ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆದದ್ದು ಅದು. ಅಂಥದೊಂದು ಕಡತವೋ, ಮೋಡಿ ಅಕ್ಷರದ ಕಾಗದವೋ ಅಟ್ಟದಿಂದ ಇಳಿದಾಗ ಮನೆಯವರು ಪಡುವ ಪೇಚಾಟವನ್ನು ಕಂಡವರು ಅನೇಕರು. ಬರೆದದ್ದು ಅಳಿಸಿಲ್ಲ, ಓದಬಲ್ಲವರಿಲ್ಲ. ಬಾಹ್ಯಾಕಾಶ ಯುಗದ ವಿಜ್ಞಾನಿಗಳಿಗೂ ಇದೇ ಪೇಚಾಟ ಒದಗಿದ್ದುಂಟು.

1976ರ ಜುಲೈ 20ರಂದು ಒಂದು, ಸೆಪ್ಟೆಂಬರ್ 3ರಂದು ಇನ್ನೊಂದು, ಹೀಗೆ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಮಂಗಳಗ್ರಹದ ಮೇಲಿಳಿದವು. ಅವುಗಳಲ್ಲಿದ್ದ ಜೀವಶೋಧನೆಯ ಪ್ರಯೋಗಗಳಲ್ಲಿ ಒಂದು ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ಅವರದು. ವಿಕಿರಣಶೀಲ ಇಂಗಾಲ ಬೆರೆತ ಪೋಷಕ ದ್ರವವನ್ನು ಅಲ್ಲಿನ ಮಣ್ಣಿಗೆ ಹನಿಸುವುದು. ಮಣ್ಣಿನಲ್ಲಿ ಜೀವಿಗಳಿದ್ದರೆ ಅದನ್ನುಂಡು ಅನಿಲ ಬಿಡುತ್ತವೆ. ಆ ಅನಿಲದ ವಿಕಿರಣವನ್ನು ಯಂತ್ರ ಎಣಿಸುತ್ತದೆ. ಅನಿಲವೇನೋ ಬಂದಿತು! ಆದರೆ ಮಂಗಳದ್ದೇ ಎನ್ನಬಹುದಾದ ಸಾವಯವ ವಸ್ತು ಬೇರೊಂದು ಉಪಕರಣಕ್ಕೆ ಸಿಗಲಿಲ್ಲವಾಗಿ, ಇದು ಬರಿಯ ರಾಸಾಯನಿಕ ಕ್ರಿಯೆಯೆಂದು ಬಹುಮಂದಿ ತೀರ್ಮಾನಿಸಿದರು. ಎಣಿಕೆಯ ಅಂಕಿಗಳು ಟೇಪುಗಳಲ್ಲಿ ಉಳಿದುಕೊಂಡವು.

ಇಪ್ಪತ್ತು ವರ್ಷಗಳಾಚೆ ಆ ಅಂಕಿಗಳನ್ನು ಕೇಳಿದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸೆಫ್ ಮಿಲ್ಲರ್. ಜೀವಿಗಳ ದೇಹದಲ್ಲಿ ಹಗಲಿರುಳಿನ ಲಯ ಹೇಗೆ ನಡೆಯುತ್ತದೆಂಬುದು ಅವರ ಅಭ್ಯಾಸದ ವಿಷಯ. ಮಂಗಳದ ಅನಿಲಕ್ಕೂ ಅಂಥ ಲಯವಿದ್ದೀತೇ ಎಂಬುದು ಅವರ ಪ್ರಶ್ನೆ. ಟೇಪುಗಳು ಸಿಕ್ಕವು. ಆದರೆ ಟೇಪಿನಲ್ಲಿರುವುದು ಸೊನ್ನೆ ಒಂದುಗಳ ಉದ್ದನೆಯ ಸಾಲು. ಎಷ್ಟು ಚಿಹ್ನೆ ಸೇರಿದರೆ ಒಂದು ಅಂಕಿ, ಯಾವುದು ವೇಳೆ, ಯಾವುದು ಎಣಿಕೆ, ಯಾವುದು ಶಾಖ ಎಂಬುದನ್ನು ಟೇಪು ತಾನಾಗಿ ಹೇಳದು. ಅದನ್ನು ಬಲ್ಲವರು ಆ ಹೊತ್ತಿಗೆ ಉಳಿದಿರಲಿಲ್ಲ.

ಕೆಲಸಕ್ಕೆ ಬಂದದ್ದು ಕಾಗದ! ಲೆವಿನ್ ಮತ್ತು ಸ್ಟ್ರಾಟ್ ಜೋಪಾನವಾಗಿಟ್ಟಿದ್ದ ಮುದ್ರಿತ ಹಾಳೆಗಳಲ್ಲಿ ಅಂಕಿಗಳ ಒಂದು ಪಾಲು ಇದ್ದಿತು. ಅವನ್ನು ಮತ್ತೆ ಕೈಯಿಂದಲೇ ಗಣಕಕ್ಕೆ ತುಂಬಿಸಬೇಕಾಯಿತು. ವೇಳೆ ಒಂದು ಸಾಲು, ಎಣಿಕೆ ಒಂದು ಸಾಲು ಎಂದು ಜೋಡಿಸಿದ ಮೇಲಷ್ಟೇ ರೇಖೆ ಎಳೆಯಲು ಸಾಧ್ಯ. ಹಾಗೆ ಎಳೆದ ರೇಖೆ ಅಲೆಯಂತೆ ಏರಿಳಿಯುತ್ತಿತ್ತು, ಅಲೆಯಿಂದಲೆಗೆ 24.66 ಗಂಟೆ, ಅಂದರೆ ಮಂಗಳದ ಒಂದು ದಿನ.

ಇದು ಜೀವದ ಲಯವೆಂದು ಮಿಲ್ಲರ್ ವಾದಿಸಿದರು. ಉಪಕರಣದೊಳಗಿನ ಶಾಖವೂ ದಿನದಿನಕ್ಕೆ ಏರಿಳಿಯುತ್ತಿತ್ತಲ್ಲ, ಅದರ ಆಟವೇ ಇದೆಂದು ಇತರರು. ನನಗೂ ಆ ಸಂದೇಹ ಬಿಟ್ಟಿಲ್ಲ. ಲೆವಿನ್ ಮಾತ್ರ ತಾವು ಜೀವವನ್ನು ಕಂಡೆವೆಂಬ ಮಾತನ್ನು 2021ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.